ಅತ್ತೆಯ ಬಿಯರು, ಅಳಿಯನ ಪೈಪು

"ಬಿಯರನ್ನ ಬಕೆಟ್ಟಲ್ಲಿ ಹೊರೋ ಕಾಲ ಮುಗೀತು! ಇನ್ಮೇಲೆ ಈ ಮನೇಲಿ ಬಿಯರು ತಾನಾಗೇ ನಡ್ಕೊಂಡು ಬರುತ್ತೆ!"

ಮಗಳು ಸಿಗ್ನೆ ಚರ್ಚಿನಲ್ಲಿ ತನ್ನ ನಂಬಿಕೆ ಸಾರಿ ದೊಡ್ಡವರ ಸಾಲಿಗೆ ಸೇರುವ ದೃಢೀಕರಣದ ಔತಣಕ್ಕೆ ಮೂರು ದಿನವಿದೆ ಎನ್ನುವಾಗ ಐವಿನ್ ಹೀಗೆ ಘೋಷಿಸಿದ. ಕೇಳಿಸಿಕೊಂಡವಳು ಹೆಂಡತಿ ಮಾರಿತ್ ಒಬ್ಬಳೇ. ಅವಳು ಆಲೂಗಡ್ಡೆ ಸುಲಿಯುತ್ತಿದ್ದಳು. ಘೋಷಣೆ ಮುಗಿದ ಮೇಲೂ ಸುಲಿಯುತ್ತಲೇ ಇದ್ದಳು.

"ಪೀಪಾಯಿನೇ ತಂದು ಸೇಬಿನ ಮರದ ಕೆಳಗಿಟ್ರೆ ಆಗಲ್ವೇನೋ?"

"ಬಿಸಿಲಿಗೆ ಕಾಯುತ್ತೆ ಕಣೇ. ನೆಲಮಾಳಿಗೇಲಿ ತಣ್ಣಗಿರುತ್ತೆ. ಬಿಯರನ್ನ ತಳ್ಳೋಕೆ ಅಲ್ಲೊಂದು ಗ್ಯಾಸ್ ಸಿಲಿಂಡರು, ಅಲ್ಲಿಂದ ತೋಟಕ್ಕೆ ಪೈಪು, ತುದೀಲಿ ನಲ್ಲಿ. ಸಮುದ್ರದ ತಳದಲ್ಲಿ ನೂರು ಕಿಲೋಮೀಟರು ಎಣ್ಣೇನೂ ಗ್ಯಾಸನ್ನೂ ಒಂದೇ ಪೈಪಲ್ಲಿ ಜಗಳವಿಲ್ದೆ ಕರ್ಕೊಂಡು ಬರೋನು ನಾನು. ಮೂವತ್ತು ಮೀಟರು ಯಾವ ಲೆಕ್ಕ?"

"ಲೆಕ್ಕ ನೀನೇ ಹಾಕ್ಕೋ. ಬಿಯರು ಮಾತ್ರ ಅಮ್ಮಂದು. ಹುಷಾರು!"

ಆ ಒಂದು 'ಹುಷಾರು' ಸಾಕಾಗಿತ್ತು, ಐವಿನ್‌ನ ಹಟ ಇಮ್ಮಡಿಯಾಯಿತು. ಅತ್ತೆ ಗುಡ್ರುನ್ ಮೊಳಕೆ ಬಾರ್ಲಿಯನ್ನು ತಾವೇ ಹೊಗೆಯಲ್ಲಿ ಒಣಗಿಸಿ, ತಾವೇ ಬಿಯರು ಮಾಡುವವರು. ಸ್ಟಿಯೋರ್ಡಾಲ್ ಸೀಮೆಯಲ್ಲಿ ಅವರ ಬಿಯರಿನ ಬಗ್ಗೆ ಎರಡು ಮಾತಿಲ್ಲ. ಅಳಿಯನ ಬಗ್ಗೆಯೂ ಅವರಿಗೆ ಎರಡು ಮಾತಿರಲಿಲ್ಲ. ಮದುವೆಯ ದಿನವೇ ಕೇಳಿದ್ದರು: "ಪೈಪೊಳಗೆ ಗ್ಯಾಸು, ನೀರು ಹೆಂಗೆ ಹೋಗುತ್ತೆ ಅಂತ ನೋಡ್ತಾ ಕೂರೋದಾ? ಅದೂ ಒಂದು ಕೆಲಸಾನಾ?" ಹದಿನಾರು ವರ್ಷವಾಯಿತು, ಆ ಪ್ರಶ್ನೆ ಐವಿನ್‌ನ ಗಂಟಲಿಂದ ಇನ್ನೂ ಇಳಿದಿಲ್ಲ.

ಈಗ ಅದಕ್ಕಿಂತ ದೊಡ್ಡದೊಂದು ಎದುರಿಗಿತ್ತು. ಐದು ತಲೆಮಾರಿನ ಮರದ ಬಟ್ಟಲು! ಔತಣದಲ್ಲಿ ಮನೆಯ ಹಿರಿಯರು ಅದರಲ್ಲಿ ಮೊದಲ ಗುಟುಕು ಕುಡಿದು ಕೈಯಿಂದ ಕೈಗೆ ದಾಟಿಸುವುದು ಪದ್ಧತಿ. ಈ ಸಲ ಔತಣ ಮುಗಿದ ಮೇಲೆ ಬಟ್ಟಲನ್ನು ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬರ ಮನೆಗೆ ಕೊಡುತ್ತೇನೆಂದು ಅತ್ತೆ ಹೇಳಿಬಿಟ್ಟಿದ್ದರು. ಇನ್ನೊಬ್ಬ ಅಳಿಯ ಹೋಕನ್ ನಲ್ಲಿ ರಿಪೇರಿ ಮಾಡುವ ಪ್ಲಂಬರು. ಅತ್ತೆಯ ಮನೆಯ ನಲ್ಲಿಗಳೆಲ್ಲ ಅವನ ಕೈಯಲ್ಲೇ ಇದ್ದವು. ಐವಿನ್ ಪೈಪು ಎಳೆಯಲು ಇಷ್ಟು ಸಾಲದೇ?

ಪೈಪು ನೆಲಮಾಳಿಗೆಯ ಕಿಟಕಿಯಿಂದ ಹೊರಬಂದು, ಹುಲ್ಲಿನ ಮೇಲೆ ಹರಿದು, ಪೊದೆಗಳ ಪಕ್ಕದ ಹಳ್ಳಕ್ಕೆ ಇಳಿದು, ಅಲ್ಲಿಂದ ಸೇಬಿನ ಮರಕ್ಕೆ ನೆಟ್ಟಗೆ ಹತ್ತಿತು. ವಯಸ್ಸಾದವರು ಬಗ್ಗಬಾರದೆಂದು ನಲ್ಲಿಯನ್ನು ಎದೆಯೆತ್ತರದ ಕೊಂಬೆಗೆ ಕಟ್ಟಿದ. ಎಂಥ ಮುಂದಾಲೋಚನೆ!

"ಹಳ್ಳಕ್ಕಿಳಿಸಿ ಮತ್ತೆ ಹತ್ತಿಸ್ತಿದ್ದೀಯಲ್ಲೋ, ಪರವಾಗಿಲ್ವಾ?" ಎಂದಳು ಮಾರಿತ್.

"ಪರೀಕ್ಷೆ ಮಾಡಿದ್ದೀನಿ ಕಣೇ!"

ಮಾಡಿದ್ದು ನಿಜ. ಬರೀ ನೀರಿನಲ್ಲಿ! ನೀರಿನೊಳಗೆ ಗ್ಯಾಸೆಲ್ಲಿಂದ ಬರಬೇಕು? ಅದು ಪಾಠ ಒಪ್ಪಿಸುವ ಹುಡುಗಿಯ ಹಾಗೆ ಸರಾಗವಾಗಿ ಹರಿದಿತ್ತು.

ಭಾನುವಾರ ಚರ್ಚಿನಿಂದ ಎಲ್ಲರೂ ತೋಟಕ್ಕೆ ಬಂದರು. ಮೇ ತಿಂಗಳಿಗೆ ಅಪರೂಪದ ಬಿಸಿಲು. ಅತ್ತೆ ಕೆಂಪು ಉಣ್ಣೆಯ ಹಬ್ಬದ ಉಡುಪಿನಲ್ಲಿ, ಎದೆಯ ತುಂಬ ಬೆಳ್ಳಿ ಬಿಲ್ಲೆಗಳನ್ನು ಝಣಗುಟ್ಟಿಸುತ್ತ, ಬಟ್ಟಲು ಹಿಡಿದು ನಲ್ಲಿಯೆದುರು ನಿಂತರು. ಐವಿನ್ ನಲ್ಲಿಯನ್ನು ಪೂರ್ತಿ ತಿರುಗಿಸಿ, ಅಪ್ಪನಾಗಿ ತಾನು ಮಾಡಬೇಕಾದ ಭಾಷಣ ಶುರು ಮಾಡಿದ.

"ಸಿಗ್ನೆ, ಬದುಕು ಅಂದ್ರೆ ಒಂದೇ ಸಮ ಹರೀಬೇಕು ಮಗಳೇ. ತಡೀಬಾರದು, ನುಗ್ಗಬಾರದು..."

ನಲ್ಲಿಯಿಂದ ಏನೂ ಬರಲಿಲ್ಲ. ಒಂದು ನಿಟ್ಟುಸಿರು ಬಂತು, ಅಷ್ಟೇ.

"ಅಳಿಯಂದ್ರೇ, ನಿಮ್ಮ ಪೈಪು ಭಾಷಣ ಕೇಳ್ತಾ ನಿದ್ದೆ ಹೋಗಿದೆ," ಎಂದು ಅತ್ತೆ ಬಗ್ಗಿ ನಲ್ಲಿಯೊಳಗೆ ಇಣುಕಿದರು.

"ಬೇಡ ಅತ್ತೆ!" ಎಂದು ಐವಿನ್ ಕೂಗುವುದಕ್ಕೂ ಪೈಪು ಕಕ್ಕುವುದಕ್ಕೂ ಸರಿಹೋಯಿತು. ಗುಳುಕ್, ಗುಳುಕ್, ಭಡ್! ಒಂದು ಬಕೆಟ್ಟಿನಷ್ಟು ಬಿಯರು ಒಮ್ಮೆಲೇ ಹಾರಿ ಅತ್ತೆಯ ಮುಖ, ಬೆಳ್ಳಿ, ಉಣ್ಣೆ ಎಲ್ಲವನ್ನೂ ಸಮನಾಗಿ ತೋಯಿಸಿತು. ಬಟ್ಟಲಿಗೆ ಮಾತ್ರ ಒಂದು ಹನಿಯೂ ಬೀಳಲಿಲ್ಲ.

ಐವಿನ್‌ಗೆ ಆ ಕ್ಷಣದಲ್ಲೇ ಎಲ್ಲ ಹೊಳೆಯಿತು. ಬಿಸಿಲಿಗೆ ಕಾದ ಪೈಪಿನಲ್ಲಿ ಬಿಯರಿನಿಂದ ಗ್ಯಾಸು ಬಿಟ್ಟುಕೊಂಡಿತ್ತು. ಹಳ್ಳದಲ್ಲಿ ತಗ್ಗಿದ ಪೈಪಿನೊಳಗೆ ಬಿಯರು ಕೂತು ದಾರಿ ಮುಚ್ಚಿತ್ತು. ಹಿಂದೆ ಗ್ಯಾಸು ಸೇರಿ ಸೇರಿ, ತಡೆಯಲಾರದೆ ಅಷ್ಟನ್ನೂ ಒಮ್ಮೆಲೇ ಮೇಲಕ್ಕೆ ಒದ್ದಿತ್ತು. ಇಳಿಜಾರು ಪೈಪು, ಅದರ ತುದಿಗೆ ನೆಟ್ಟನೆಯ ಪೈಪು, ಇಂಥದ್ದನ್ನು ಎಂದೂ ಕಟ್ಟಬೇಡಿ ಎಂದು ಅವನು ಪ್ರತಿ ವರ್ಷ ಟ್ರಾಂಡ್‌ಹೈಮ್‌ನಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಬೋರ್ಡಿನ ಮೇಲೆ ಬರೆದು ಹೇಳುತ್ತಿದ್ದ. ಅದನ್ನೇ ತನ್ನ ತೋಟದಲ್ಲಿ, ತನ್ನ ಕೈಯಾರೆ, ತಪ್ಪಿಲ್ಲದೆ ಕಟ್ಟಿದ್ದ!

"ಎಲ್ಲರೂ ದೂರ ಹೋಗಿ! ಇನ್ನೂ ಬರುತ್ತೆ!" ಎಂದು ಅರಚಿದ. ಬಂತು. ಈ ಸಲ ಕೆನೆಯ ಕೇಕಿನ ಮೇಲೆ.

"ಸ್ಪ್ಯಾನರ್ ತರ್ಲಾ ಭಾವ?" ಎಂದ ಹೋಕನ್. ಅವನ ನಗು ಕಿವಿಯಿಂದ ಕಿವಿಗೆ ಹರಡಿತ್ತು.

"ಯಾರೂ ಏನೂ ಮುಟ್ಬೇಡಿ! ಒತ್ತಡದ ಲೆಕ್ಕ ಹಾಕ್ಬೇಕು, ಪೆನ್ಸಿಲ್ ಕೊಡಿ!"

ಯಾರೂ ಪೆನ್ಸಿಲ್ ಕೊಡಲಿಲ್ಲ. ಅತ್ತೆ ಮೂಗಿನ ತುದಿಯ ನೊರೆ ಒರೆಸಿಕೊಂಡು ಮುಂದೆ ಬಂದರು. ಬೈಯುತ್ತಾರೆಂದು ಐವಿನ್ ಕಣ್ಣು ಮುಚ್ಚಿದ. ಅತ್ತೆ ಬೈಯಲಿಲ್ಲ. ನಲ್ಲಿಯನ್ನು ಅರ್ಧ ಹಿಂದಕ್ಕೆ ತಿರುಗಿಸಿದರು. ಪೈಪು ಎರಡು ಸಲ ಗೊಣಗಿತು, ಒಮ್ಮೆ ಬಿಕ್ಕಳಿಸಿತು. ಆಮೇಲೆ ತೆಳ್ಳಗೆ, ಒಂದೇ ಸಮ, ಬಟ್ಟಲಿಗೆ ಹರಿಯತೊಡಗಿತು.

"ಬಾಯಿ ಪೂರ್ತಿ ಬಿಟ್ರೆ ಉಗುಳುತ್ತೆ," ಎಂದರು. "ನಿಮ್ಮ ಮಾವನ ಜೊತೆ ನಲವತ್ತು ವರ್ಷ ಸಂಸಾರ ಮಾಡಿದೋಳು ನಾನು, ನಂಗೊತ್ತಿಲ್ವಾ? ಹೌದು, ಡಾಕ್ಟರೇಟಿಗೆ ಅಂತ ನೀನೊಂದು ದೊಡ್ಡ ಪ್ರಬಂಧ ಬರ್ದಿದ್ದೆಯಲ್ಲ, ಎಷ್ಟು ಪುಟ?"

"ಇನ್ನೂರ ನಲವತ್ತು, ಅತ್ತೆ."

"ಅದರಲ್ಲಿ ಈ ನಲ್ಲಿ ಅರ್ಧ ಮುಚ್ಚೋದು ಬರೆದಿದ್ದೀಯಾ?"

ಐವಿನ್ ಸುಳ್ಳು ಹೇಳಬಹುದಿತ್ತು. ಆದರೆ ಅವನಿಗೆ ಅಳು ಬರುವಷ್ಟು ಚೆನ್ನಾಗಿ ನೆನಪಿತ್ತು.

"ಬರೆದಿದ್ದೀನಿ. ನೂರ ಎಂಬತ್ತೇಳನೇ ಪುಟ."

"ಅಯ್ಯೋ ಮಾರಾಯ! ಅಷ್ಟು ದೂರ ಹೋಗೋ ಹೊತ್ತಿಗೆ ನಾನು ಒದ್ದೆಯಾದೆನಲ್ಲೋ!"

ಅತ್ತೆ ಮೊದಲ ಗುಟುಕು ಕುಡಿದರು. ಬಟ್ಟಲು ಸಿಗ್ನೆಯ ಕೈಗೆ, ಅಲ್ಲಿಂದ ಮಾರಿತ್‌ಗೆ, ಹೋಕನ್‌ಗೆ, ಹೀಗೆ ಇಡೀ ತೋಟ ಸುತ್ತಿ ಕೊನೆಗೆ ಐವಿನ್ ಮುಂದೆ ಬಂತು. ಅವನು ಒಂದು ಗುಟುಕು ಕುಡಿದು, ತಲೆ ತಗ್ಗಿಸಿ, ಇನ್ನು ಇದು ಅವನ ಮನೆಗೇ ಎಂದುಕೊಂಡು ತಾನೇ ಅದನ್ನು ಹೋಕನ್ ಕಡೆ ಚಾಚಿದ.

"ಅಲ್ಲಿಗ್ಯಾಕೆ?" ಎಂದರು ಅತ್ತೆ, ತೋಳಿನಿಂದ ಬಿಯರು ಹಿಂಡುತ್ತ. "ಪುಟದ ನಂಬರು ಸಮೇತ ತಪ್ಪು ಒಪ್ಕೊಂಡೆಯಲ್ಲ, ಬಟ್ಟಲು ನಿಮ್ಮನೇಲೇ ಇರ್ಲಿ. ಹೋಕನ್ ಮನೆಗೆ ಆ ಪೈಪು ಕೊಟ್ಟು ಕಳಿಸು."