ಚಿಗವ್ವನ ಟೋಫೆಲ್

ಬರೇ ಹುಬ್ಬಳ್ಳಿಗೆ ಹೋಗಿಬರಲಿಕ್ಕೆ ಪಾಸ್‌ಪೋರ್ಟ್ ಮಾಡಿಸಿದ ಮನುಷ್ಯರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನನ್ನ ಚಿಕ್ಕಮ್ಮ, ನಮ್ಮ ಚಿಗವ್ವ!

ಮುನವಳ್ಳಿಯಲ್ಲಿ ಹೆಣ್ಣುಮಕ್ಕಳ ಬಟ್ಟೆ ಹೊಲಿಯುವ ಆಕೆಗೆ ಆಗ ಐವತ್ತೆರಡು. ನಾನು ಡಿಗ್ರಿ ಮುಗಿಸಿ ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುವ ಹುಮ್ಮಸ್ಸಿನಲ್ಲಿದ್ದೆ. ಅದಕ್ಕೆ ಟೋಫೆಲ್ ಬರೆಯಬೇಕು. ಹೊರದೇಶದವರಿಗೆ ಇಂಗ್ಲಿಷ್ ಎಷ್ಟು ಬರುತ್ತದೆಂದು ತೂಗಿ ನೋಡುವ ಪರೀಕ್ಷೆ. ಓದು, ಬರಹಕ್ಕೆ ನಾನು ಅಂಜುವಾಕಿ ಅಲ್ಲ. ಆದರೆ ಕಂಪ್ಯೂಟರಿನ ಮುಂದೆ ಕುಂತು ಬಾಯಿಬಿಟ್ಟು ಮಾತಾಡಬೇಕೆಂದರೆ ನಾಲಿಗೆ ಅಂಗುಳಕ್ಕೆ ಅಂಟಿಬಿಡುತ್ತಿತ್ತು. ಒಂದು ಸಲವಂತೂ ಪರೀಕ್ಷೆಯ ದಿನ ಜ್ವರವೆಂದು ಸುಳ್ಳು ಹೇಳಿ ಕೌದಿ ಹೊದ್ದು ಮಲಗಿದ್ದೆ.

ಚಿಗವ್ವ ಕೌದಿ ಎಳೆದಳು. “ಆ ಪರೀಕ್ಷಾಕ್ಕ ಇಷ್ಟ ವಯಸ್ಸಂತ ಐತೇನು?”

“ಇಲ್ಲ.”

“ಹಂಗಾರ ನಾನೂ ಕೂಡ್ತೇನಿ. ಇಬ್ಬರೂ ಕೂಡೇ ಹೋಗೂಣು.”

ನಾನು ನಕ್ಕೆ. ಆಕೆ ನಗಲಿಲ್ಲ!

ಪರೀಕ್ಷೆ ನಡೆಯುವುದು ಹುಬ್ಬಳ್ಳಿಯಲ್ಲೇ ಆದರೂ ಗುರುತಿನ ಚೀಟಿಯೆಂದರೆ ಪಾಸ್‌ಪೋರ್ಟೇ ಆಗಬೇಕು. ಅರ್ಜಿ ಹಾಕಿದಳು. ವಿಚಾರಣೆಗೆ ಬಂದ ಪೊಲೀಸಪ್ಪ ಕೇಳಿದ, “ಯಾವ ದೇಶಕ್ಕ ಹೊಂಟೀರಿ, ಅಕ್ಕಾರ?”

“ಹುಬ್ಬಳ್ಳಿಗ್ರಿ.”

ಆತ ಪೆನ್ನು ಕೆಳಗಿಟ್ಟ. “ಹುಬ್ಬಳ್ಳಿಗೆ ಬಸ್ಸ ಐತಲ್ರಿ!”

“ಬಸ್ಸೇನೋ ಐತ್ರಿ. ಆದ್ರ ಪಾಸ್‌ಪೋರ್ಟ್ ಇಲ್ಲಂದ್ರ ಒಳಗ ಬಿಡೂದಿಲ್ಲಂತ!”

ಅಂತೂ ಪಾಸ್‌ಪೋರ್ಟ್ ಬಂತು, ಆಕೆಯ ಹೊಲಿಗೆ ಅಂಗಡಿಯಲ್ಲೇ ತಯಾರಿ ಶುರುವಾಯಿತು. ಇಯರ್‌ಫೋನಿನಲ್ಲಿ ಅಮೆರಿಕದ ಪ್ರೊಫೆಸರ್ ಪಾಠ ಮಾಡುತ್ತಿದ್ದರೆ ಈಕೆ ಇಲ್ಲಿಂದ ಬೈಯುತ್ತಿದ್ದಳು: “ಬಾಯಾಗಿನ ಅಡಿಕಿ ಉಗುಳಿ ಮಾತಾಡೋ ತಮ್ಮಾ!” ನಿಮ್ಮ ಮೆಚ್ಚಿನ ಊರಿನ ಬಗ್ಗೆ ನಲವತ್ತೈದು ಸೆಕೆಂಡು ಮಾತಾಡಿ ಎಂದರೆ, ತವರೂರು ಸಾಲಹಳ್ಳಿಯಿಂದ ಹೊರಟು ಮುನವಳ್ಳಿಗೆ ಬರಲು ನೋಡುತ್ತಿದ್ದಳು. ಸಮಯ ಮುಗಿದಾಗ ಬಸ್ಸು ಇನ್ನೂ ರಾಮದುರ್ಗವನ್ನೂ ಮುಟ್ಟಿರುತ್ತಿರಲಿಲ್ಲ! “ಇಷ್ಟು ಗಡಿಬಿಡಿ ಇದ್ದಾವ್ರು ಮಂದೀನ ಮಾತಾಡಸಬಾರದು,” ಎಂದು ತೀರ್ಪು ಕೊಟ್ಟಳು.

ಪರೀಕ್ಷೆಯ ದಿನ ಬಂತು. ಮಾತಾಡುವ ಭಾಗದ ಮೊದಲ ಪ್ರಶ್ನೆ ತೆರೆಯ ಮೇಲೆ ಮೂಡಿತು. ಸೆಕೆಂಡುಗಳು ಸರಿಯುತ್ತಿವೆ, ನಾನು ಮೂಕಬಸವಿ! ಅಷ್ಟರಲ್ಲಿ ಎರಡು ಕುರ್ಚಿಯಾಚೆಯಿಂದ ಇಡೀ ಕೋಣೆಗೆ ಕೇಳುವಂತೆ ಒಂದು ದನಿ: “ಹಲೋ ಸರ್! ಐ ಫೈನ್! ಯುವರ್ ಹೌಸ್ ಆಲ್ ಫೈನ್?”

ಯಾರೋ ಕಿಸಕ್ಕನೆ ನಕ್ಕರು. ಚಿಗವ್ವ ನಿಲ್ಲಲಿಲ್ಲ. ಕರ್ತೃ ಒಂದು ಕಡೆ, ಕ್ರಿಯಾಪದ ಇನ್ನೊಂದು ಕಡೆ, ಆಕೆ ಮಾತ್ರ ನಡುದಾರಿಯಲ್ಲಿ ಧಿಮಾಕಿನಿಂದ ನಡೆದೇ ನಡೆದಳು. ಅಷ್ಟು ಇಂಗ್ಲಿಷಿಗೆ ಅಷ್ಟು ಧೈರ್ಯವಿರುವಾಗ ನನ್ನದಕ್ಕೇನು ಧಾಡಿ? ಎರಡನೆಯ ಪ್ರಶ್ನೆಗೆ ಬಾಯಿ ತೆರೆದೆ. ಆಮೇಲೆ ನಿಲ್ಲಲೇ ಇಲ್ಲ.

ಫಲಿತಾಂಶ ಬಂತು. ನನಗೆ ಬೇಕಾದಷ್ಟು ಅಂಕ ಸಿಕ್ಕವು, ಮುಂದೆ ಸೀಟೂ ಸಿಕ್ಕಿತು. ಚಿಗವ್ವನ ಅಂಕ ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದಾಳೆ. ಸೊನ್ನೆ ಅಲ್ಲ, ಇಷ್ಟು ಹೇಳಬಹುದು!

“ನನ್ನ ಸಲುವಾಗಿ ಎಷ್ಟು ತ್ರಾಸ ತಗೊಂಡಿ, ಚಿಗವ್ವಾ,” ಎಂದೆ.

ಆಕೆ ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದಳು, “ನಿನ್ನ ಸಲುವಾಗಿ ಅಷ್ಟ ಅಲ್ಲವ್ವಾ. ನನ್ನ ಹತ್ತನೇ ಕ್ಲಾಸಿನ ಪರೀಕ್ಷಾದ ದಿನಾನ ವರನ ಕಡಿಯಾವ್ರು ನೋಡಾಕ ಬಂದ್ರು. ಸಾಲಿಗೆ ಕಳಸಲಿಲ್ಲ, ಸೀರಿ ಉಡಿಸಿ ಕುಂದರಿಸಿದ್ರು. ಅವರು ಏನ ಕೇಳಿದ್ರೂ ಬರೇ ಗೋಣ ಹಾಕಿದ್ನಿ. ಒಂದ ಮಾತೂ ಆಡಲಿಲ್ಲ.”

ಮಾರನೆಯ ದಿನ ಆಕೆಯ ಅಂಕಪಟ್ಟಿಯನ್ನು ಪ್ರಿಂಟ್ ತೆಗೆಸಿ ತಂದುಕೊಟ್ಟೆ. ಅಂಕಗಳ ಕಡೆ ಆಕೆ ನೋಡಲೇ ಇಲ್ಲ. ಮೇಲೆ ಅಚ್ಚಾಗಿದ್ದ ತನ್ನ ಹೆಸರಿನ ಮೇಲೆ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿ, “ಸ್ಪೆಲ್ಲಿಂಗ್ ಬರೋಬರಿ ಐತಿ,” ಎಂದಳು.