ಬಿಳಿ ಮರದ ಮೇಲೆ ಕಿತ್ತಳೆ ಅಣಬೆ

ತಪ್ಪು ಮಾಡುವವರಲ್ಲಿ ಎರಡು ಜಾತಿ. ತಪ್ಪು ಮಾಡಿ ಸುಮ್ಮನಿರುವವರು ಒಂದು, ಅದನ್ನು ಯಾರಿಗೂ ತಿಳಿಯದಂತೆ ಸರಿಮಾಡಲು ಹೋಗುವವರು ಇನ್ನೊಂದು. ಮೊದಲನೆಯವರಿಂದ ಲೋಕಕ್ಕೆ ಅಂಥ ತೊಂದರೆಯೇನಿಲ್ಲ. ನಾನು ಎರಡನೆಯ ಜಾತಿಯವನು. ಇದನ್ನು ಒಪ್ಪಿಕೊಳ್ಳಲು ನನಗೆ ಇಷ್ಟು ವಯಸ್ಸಾಗಬೇಕಾಯಿತು, ಜೊತೆಗೆ ತಂಗಿಯ ಒಂದು ಅಣಬೆಯೂ ಹಾಳಾಗಬೇಕಾಯಿತು.

ನಾನು ಟೋಕಿಯೊದ ನಿಶಿ ಕಸಾಯಿಯಲ್ಲಿ ಒಂದು ಇಂಡಿಯನ್ ಹೋಟೆಲಿನ ಅಡುಗೆಯವನು. ಓದಿದ್ದು ಏಳನೇ ಕ್ಲಾಸು. ತಂಗಿ ಓದಲಿ ಎಂದು ಶಾಲೆ ಬಿಟ್ಟ ತ್ಯಾಗಜೀವಿ ಎಂದು ದಯವಿಟ್ಟು ತಿಳಿಯಬೇಡಿ. ಲೆಕ್ಕದ ಮೇಷ್ಟ್ರೂ ನಾನೂ ಪರಸ್ಪರ ಒಪ್ಪಿ ಬೇರೆಯಾದೆವು, ಅಷ್ಟೇ. ತಂಗಿ ಸುಧಾ ಎಂಜಿನಿಯರಾಗಿ ಟೋಕಿಯೊ ಪಕ್ಕದ ಸಗಮಿಹಾರಾದಲ್ಲಿದ್ದಾಳೆ. ವಾರವೆಲ್ಲ ಕಂಪ್ಯೂಟರ್ ನೋಡುವ ಅವಳು ಭಾನುವಾರ ಅಣಬೆ ನೋಡುತ್ತಾಳೆ. ತಿನ್ನುವುದಕ್ಕಲ್ಲ, ಬರೀ ನೋಡುವುದಕ್ಕೆ. ಅದಕ್ಕೊಂದು ಸಂಘ, ಸಂಘಕ್ಕೊಂದು ದಪ್ಪ ಪುಸ್ತಕ. ಯಾರಾದರೂ ಹೊಸ ಅಣಬೆ ಕಂಡರೆ, ಕಂಡವರ ಹೆಸರನ್ನು ಸಂಘದ ಹಿರಿಯರಾದ ಒಗಾವಾ ಸಾನ್ ಅದರಲ್ಲಿ ಬರೆಯುತ್ತಾರೆ. ಮೂರು ವರ್ಷವಾದರೂ ಸುಧಾಳ ಹೆಸರು ಅದರೊಳಗೆ ಬಂದಿರಲಿಲ್ಲ. ಅವಳ ಕಣ್ಣಿದ್ದದ್ದು ಉತ್ತರದ ಹೊಕ್ಕೈದೊ ಕಾಡುಗಳಲ್ಲಿ, ಪೈನಿನಂಥ ಸೂಜಿ ಎಲೆಯ ಸತ್ತ ಮರಗಳ ಮೇಲೆ ಏಳುವ ಒಂದು ಕಿತ್ತಳೆ ಬಣ್ಣದ ಅಣಬೆಯ ಮೇಲೆ. ಅದರ ಫೋಟೊ ತೋರಿಸಲು ಬಂದಾಗ ನಾನು ಬೋಂಡದ ಹಿಟ್ಟು ಕಲೆಸುತ್ತಿದ್ದೆ. ನೋಡದೆಯೇ "ಚೆನ್ನಾಗಿದೆ" ಎಂದೆ.

ಸೆಪ್ಟೆಂಬರಿನಲ್ಲಿ ಹೋಟೆಲಿಗೆ ನಾಲ್ಕು ದಿನ ರಜೆ ಬಂತು. ಸಂಘದವರು ಹೊಕ್ಕೈದೊಗೆ ಹೊರಟಿದ್ದರು. ಸುಧಾ ನನ್ನನ್ನೂ ಎಳೆದುಕೊಂಡು ಹೋದಳು.

ಇಲ್ಲಿ ಕಸದ ವಿಷಯ ಸ್ವಲ್ಪ ಹೇಳಬೇಕು. ಜಪಾನಿನ ಬೀದಿಗಳಲ್ಲಿ ಕಸದ ಡಬ್ಬಿ ಸಿಗುವುದೇ ಅಪರೂಪ. ಅವರವರ ಕಸ ಅವರವರ ಚೀಲದಲ್ಲಿ ಮನೆಗೆ ಹೋಗಬೇಕು. ಬಂದ ಹೊಸದರಲ್ಲಿ ನಾನು ತಪ್ಪು ದಿನ ಕಸ ಹೊರಗಿಟ್ಟೆ. ಪಕ್ಕದ ಮನೆಯ ಅಜ್ಜಿ ಚೀಲವನ್ನು ಹಿಂದಕ್ಕೆ ತಂದು, ನಗುನಗುತ್ತಾ ಬಗ್ಗಿ ನಮಸ್ಕರಿಸಿ, ನನ್ನ ಕೈಗೇ ಕೊಟ್ಟರು. ಅಂದಿನಿಂದ ನನಗೆ ಹೊಸದಾಗಿ ದೀಕ್ಷೆ ಪಡೆದವನ ಭಕ್ತಿ. ಬೇರೆಯವರ ಕಸ ಕಂಡರೂ ಬಿಡುವವನಲ್ಲ.

ಕಾಡಿನಲ್ಲಿ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದವನು ನಾನು. ಬಿದ್ದ ಮರವೊಂದರ ಮೇಲೆ ಕಿತ್ತಳೆ ಬಣ್ಣದ ಜೆಲ್ಲಿ ತಳತಳ ಹೊಳೆಯುತ್ತಾ ಅಲುಗುತ್ತಿತ್ತು. ಯಾವುದೋ ಮಗು ಕೊಂಬಿನಿ ಅಂಗಡಿಯಿಂದ ತಂದು ಚೆಲ್ಲಿದೆ, ಅದರ ತಾಯಿಗಾದರೂ ಬುದ್ಧಿ ಬೇಡವೇ ಎಂದುಕೊಂಡೆ. ಟಿಶ್ಯೂ ತೆಗೆದು, ಚೆನ್ನಾಗಿ ಬಳಿದು, ಕಸದ ಚೀಲಕ್ಕೆ ಹಾಕಿಕೊಂಡೆ. ಜಪಾನ್ ದೇಶಕ್ಕೇ ಉಪಕಾರ ಮಾಡಿದಷ್ಟು ಸಂತೋಷವಾಯಿತು.

ಹತ್ತು ನಿಮಿಷಕ್ಕೆ ಸುಧಾ ಅದೇ ಮರದ ಹತ್ತಿರ ಬಂದು ಕೂತಳು. "ಅಣ್ಣ, ಇಂಥ ಮರದ ಮೇಲೇ ಅದು ಬರೋದು. ಜೆಲ್ಲಿ ಚೆಲ್ಲಿದ ಹಾಗಿರುತ್ತೆ. ನಿಂಗೇನಾದ್ರೂ ಕಾಣಿಸ್ತಾ?"

"ಇಲ್ವಲ್ಲ," ಎಂದೆ. ಕಸದ ಚೀಲವನ್ನು ಬೆನ್ನ ಹಿಂದೆ ಸರಿಸಿದೆ.

"ಇವತ್ತು ಸಿಗದಿದ್ರೆ ಬಿಟ್ಬಿಡ್ತೀನಿ. ಮೂರು ವರ್ಷ ಸಾಕು. ಎಲ್ಲರೂ ಪಾಪ ಅಂತ ನೋಡ್ತಾರೆ."

ಆಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಅವಳು ನೀರು ಕುಡಿಯುವಷ್ಟರಲ್ಲಿ ಮುಂದೆ ಓಡಿ, ಚೀಲದಿಂದ ಜೆಲ್ಲಿ ತೆಗೆದು, ಬಿದ್ದಿದ್ದ ಬಿಳಿ ತೊಗಟೆಯ ಒಂದು ಮರದ ಮೇಲೆ ಅಂದವಾಗಿ ಕೂರಿಸಿದೆ. ಅಡುಗೆಯವನ ಬುದ್ಧಿ ನೋಡಿ. ಕೇಸರಿಬಾತು ಬಿಳಿ ತಟ್ಟೆಯಲ್ಲಿಟ್ಟರೇ ಎದ್ದು ಕಾಣುವುದು. ಆಮೇಲೆ ಏನೂ ಅರಿಯದವನಂತೆ "ಸುಧಾ, ಈ ಕಡೆ ಬಾ, ದಾರಿ ಚೆನ್ನಾಗಿದೆ" ಎಂದು ಕರೆದೆ.

ಅದನ್ನು ಕಂಡವಳು ಮಂಡಿಯೂರಿದಳು. ಕಣ್ಣು ಒದ್ದೆಯಾಗಿತ್ತು. ಎಲ್ಲ ಅಲ್ಲಿಗೇ ಮುಗಿದಿದ್ದರೆ ನಾನು ಒಳ್ಳೆಯ ಅಣ್ಣನಾಗಿಯೇ ಉಳಿಯುತ್ತಿದ್ದೆ. ಆದರೆ ಒಗಾವಾ ಸಾನ್ ಬಂದರು. ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಆಮೇಲೆ ಸಂಘದವರೆಲ್ಲ ಸೇರಿ ಪಿಸುಗುಟ್ಟತೊಡಗಿದರು.

"ಏನಂತೆ?" ಎಂದೆ.

ಸುಧಾ ನನ್ನ ತೋಳು ಹಿಡಿದುಕೊಂಡಳು. "ಇದು ಸೂಜಿ ಎಲೆ ಮರ ಬಿಟ್ಟು ಬೇರೆ ಕಡೆ ಬೆಳೆಯೋದಿಲ್ಲ ಅಣ್ಣ. ಇದು ಅಗಲ ಎಲೆಯ ಬರ್ಚ್ ಮರ. ಯಾರೂ ನೋಡಿಲ್ಲದ್ದನ್ನ ನಾನು ನೋಡಿದೀನಂತೆ. ದೊಡ್ಡೋರಿಗೆಲ್ಲ ಬರೆದು ಕಳಿಸ್ತಾರಂತೆ."

ಒಗಾವಾ ಸಾನ್ ಭೂತಗನ್ನಡಿ ಹಿಡಿದು ಬಗ್ಗಿದರು. ಬಹಳ ಹೊತ್ತಿನ ಮೇಲೆ ಒಂದು ಪುಟ್ಟ ಕಪ್ಪು ಕಾಳನ್ನು ಚಿಮಟದಲ್ಲಿ ಎತ್ತಿ, ಗೌರವದಿಂದ ಸುಧಾಳ ಅಂಗೈಗೆ ಹಾಕಿದರು. ಕಸದ ಚೀಲದಲ್ಲಿ ಬೆಳಗಿನ ಚಿತ್ರಾನ್ನದ ಪೊಟ್ಟಣವೂ ಇದ್ದದ್ದು ನನಗೆ ಆಗ ನೆನಪಾಯಿತು.

"ಅಣ್ಣ, ಇದು ಸಾಸಿವೆ."

"ಇರಬಹುದು. ಇಲ್ಲಿನ ಕಾಡಲ್ಲಿ ಏನೇನು ಬೆಳೆಯುತ್ತೋ ನಂಗೇನು ಗೊತ್ತು?"

"ಒಗ್ಗರಣೆ ಹಾಕ್ಕೊಂಡೇ ಬೆಳೆಯುತ್ತಾ?"

ಎಲ್ಲ ಹೇಳಿದೆ. ಅವಳು ಕೆಂಪಗಾಗಿ, ಒಂದು ಮಾತೂ ಬಿಡದೆ ಜಪಾನಿಯಲ್ಲಿ ಅವರಿಗೆ ತಿಳಿಸಿದಳು. ನಾನು ಬಗ್ಗಿ "ಸುಮಿಮಾಸೆನ್" ಎಂದು ಕ್ಷಮೆ ಕೇಳಿದೆ. ಒಗಾವಾ ಸಾನ್ ನನಗಿಂತ ಕೆಳಗೆ ಬಗ್ಗಿ, ಕಾಡನ್ನು ಸ್ವಚ್ಛವಾಗಿಡಲು ಶ್ರಮಿಸಿದ್ದಕ್ಕೆ ಅರಿಗಾತೋ ಎಂದರು. ನಾಲ್ಕು ಬೈದಿದ್ದರೆ ಹಿತವಾಗಿರುತ್ತಿತ್ತು.

"ಮೊದಲು ಬಳಿದದ್ದು ಯಾವ ಮರದಿಂದ, ತೋರಿಸು," ಎಂದಳು ಸುಧಾ. ತೋರಿಸಿದೆ. "ಕೈ ಜೇಬಲ್ಲಿಟ್ಕೊಂಡು ಅಲ್ಲೇ ನಿಂತ್ಕೋ." ನಿಂತೆ. ಅವಳು ಒದ್ದೆ ಪಾಚಿಯ ಮೇಲೆ ಅಂಗಾತ ಮಲಗಿ, ಮರದ ಅಡಿಗೆ ತಲೆ ತೂರಿಸಿದಳು. ನನ್ನ ಟಿಶ್ಯೂ ಮುಟ್ಟದ ಜಾಗದಲ್ಲಿ, ಕಡಲೆಬೇಳೆಯಷ್ಟೇ ಗಾತ್ರದ ಒಂದು ಕಿತ್ತಳೆ ಚೂರು ಉಳಿದಿತ್ತು. ಎದ್ದಾಗ ಅವಳ ತಲೆ ತುಂಬ ಮಣ್ಣು, ಮುಖ ತುಂಬ ನಗು.

ಪುಸ್ತಕದಲ್ಲಿ ಸುಧಾಳ ಹೆಸರು ಬಂತು. ಹೆಸರಿನ ಕೆಳಗೆ ಒಗಾವಾ ಸಾನ್ ಇನ್ನೂ ನಾಲ್ಕು ಸಾಲು ಬರೆದರು. ನನಗೆ ಜಪಾನಿ ಓದಲು ಬರುವುದಿಲ್ಲ. ಏನೆಂದು ಸುಧಾಳನ್ನು ಕೇಳಿದೆ. "ಅವತ್ತಿನ ಹವಾಮಾನ ಅಣ್ಣ," ಎಂದಳು. ನಾನು ನಂಬಿದ್ದೇನೆ. ಹವಾಮಾನ ಓದಿದವರೆಲ್ಲ ಒಬ್ಬೊಬ್ಬರಾಗಿ ತಲೆಯೆತ್ತಿ ನನ್ನನ್ನೇ ಯಾಕೆ ನೋಡಿದರು ಎಂದು ಮಾತ್ರ ಇನ್ನೂ ಕೇಳಿಲ್ಲ.