ಕರೆಂಟಣ್ಣ ಕೊಂಡ ಮೇಣದಬತ್ತಿ

ಮೇಣದಬತ್ತಿ ಕೊಳ್ಳುವುದರಲ್ಲಿ ಏನು ತಪ್ಪಿದೆ ಹೇಳಿ? ಯಾರು ಬೇಕಾದರೂ ಕೊಳ್ಳಬಹುದು. ಆದರೆ ವಿದ್ಯುತ್ ಕಚೇರಿಯಲ್ಲಿ ದೂರಿನ ಫೋನ್ ಎತ್ತುವ ಗುಮಾಸ್ತ ಮಾತ್ರ ಕೊಳ್ಳಬಾರದು. ಕೊಂಡರೂ ತೋಳು ತುಂಬ ಕೊಳ್ಳಬಾರದು. ಕೊಂಡದ್ದನ್ನು ಹಾಡಹಗಲೇ ಬೀದಿಯುದ್ದಕ್ಕೂ ಮಗುವಿನ ಹಾಗೆ ಎದೆಗವಚಿಕೊಂಡು ತರಲಂತೂ ಬಾರದು. ನಮ್ಮ ಕರೆಂಟಣ್ಣ ಅಷ್ಟನ್ನೂ ಮಾಡಿದ.

ಕರೆಂಟಣ್ಣ ಎಂಬುದು ಅವನಿದ್ದ ಕಟ್ಟಡದವರು ಪ್ರೀತಿಯಿಂದ ಇಟ್ಟ ಹೆಸರು. ಕರೆಂಟು ಹೋದಾಗ ಅದೇ ಹೆಸರು ಬೈಗುಳವಾಗುತ್ತಿತ್ತು. ದಿನವಿಡೀ ಊರವರ ಕೂಗಾಟ ಕೇಳುವುದು, "ಇನ್ನೇನು ಬಂದೇಬಿಡ್ತು, ಸ್ವಲ್ಪ ತಾಳ್ಮೆ ಇರಲಿ" ಎನ್ನುವುದು, ಇಷ್ಟೇ ಅವನ ಉದ್ಯೋಗ. ಹಾಗಂದಾಗಲೆಲ್ಲ ಕರೆಂಟು ಬರುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಕೇಳೀ ಕೇಳೀ ಅವನ ಕಿವಿಯೊಳಗೇ ಫೋನು ಬಡಿದುಕೊಳ್ಳತೊಡಗಿತು. ಮಲಗಿದರೆ ನಿದ್ದೆಯಿಲ್ಲ. ಅಪ್ಪಿತಪ್ಪಿ ಕಣ್ಣು ಹತ್ತಿದರೆ ದಿಂಬನ್ನು ಕಿವಿಗಿಟ್ಟುಕೊಂಡು "ಹಲೋ, ಯಾವ ಬೀದಿ?" ಎಂದು ಕೂಗುತ್ತಿದ್ದ. ಹೆಂಡತಿ ಚಾಪೆ ಸುತ್ತಿಕೊಂಡು ನಡುಮನೆಗೆ ಮಲಗಲು ಹೋದಳು.

"ಮಾತ್ರೆ ಬೇಡ ಕಣ್ರೀ," ಎಂದರು ಡಾಕ್ಟರು. "ಒಂದಿನ ರಜ ಹಾಕಿ. ಸಂಜೆ ಪರದೆ ಎಳೆದು, ಲೈಟ್ ಆರಿಸಿ, ನಾಲ್ಕು ಕ್ಯಾಂಡಲ್ ಹಚ್ಚಿ. ಬಿಸಿನೀರಲ್ಲಿ ಕಾಲಿಟ್ಕೊಂಡು ಆ ಬೆಳಕು ನೋಡ್ತಾ ಸುಮ್ನೆ ಕೂತ್ಕೊಳ್ಳಿ. ನಿದ್ದೆ ತಾನಾಗೇ ಹುಡುಕ್ಕೊಂಡು ಬರುತ್ತೆ."

ರಜೆ ಕೇಳಿದ್ದಕ್ಕೆ ಸಾಹೇಬರು ಮುಖ ಗಂಟಿಕ್ಕಿದರು. "ತಗೋ. ಆದ್ರೆ ಬೇಸಿಗೆ ಮುಗಿಯೋವರೆಗೂ ಇನ್ನೊಂದು ರಜ ಅಂತ ಬಾಯಿ ಬಿಟ್ಟೀಯ, ಹುಷಾರ್!" ಹಾಗಾಗಿ ಅವನ ಪಾಲಿಗಿದ್ದದ್ದು ಅದೊಂದೇ ಸಂಜೆ. ನಿದ್ದೆ ಬಂದರೆ ಆ ಸಂಜೆ ಬರಬೇಕು.

ಅಂಗಡಿಯಲ್ಲಿ ಆಸೆ ತಡೆಯಲಾಗಲಿಲ್ಲ. ಡಾಕ್ಟರು ಹೇಳಿದ್ದು ನಾಲ್ಕು, ಇವನು ಕಟ್ಟುಗಟ್ಟಲೆ ಕೊಂಡ. ಗಿಡ್ಡದು, ದಪ್ಪದು, ಮಲ್ಲಿಗೆ ವಾಸನೆಯದು. ಹೊತ್ತು ಬರುತ್ತಿದ್ದಾಗ ಮೆಟ್ಟಿಲ ಬುಡದಲ್ಲಿ ಮೇಲ್ಮನೆಯ ನಿವೃತ್ತ ಮೇಷ್ಟ್ರು ಎದುರಾದರು.

"ಏನಪ್ಪಾ ಕರೆಂಟಣ್ಣ, ಇಷ್ಟೊಂದು ಕ್ಯಾಂಡಲ್ಲು?"

"ಸಂಜೆಗೆ ಬೇಕಿತ್ತು ಮೇಷ್ಟ್ರೇ," ಎಂದು ಅವನು ಕನಸುಗಣ್ಣಿನಲ್ಲೇ ಮೇಲೆ ಹತ್ತಿಹೋದ.

ಮೇಷ್ಟ್ರು ನಿಂತಲ್ಲೇ ನಿಂತರು. ಕರೆಂಟ್ ಆಫೀಸಿನವನೇ ರಜ ಹಾಕಿ ಮೇಣದಬತ್ತಿ ಕೂಡಿಡುತ್ತಾನೆ ಅಂದರೆ! ಮೊದಲು ಕೆಳಗಿನ ಟೈಲರಿಗೆ ಹೇಳಿದರು. "ಯಾರಿಗೂ ಹೇಳ್ಬೇಡಿ," ಎಂದೂ ಸೇರಿಸಿದರು. ಅಲ್ಲಿಗೆ ಮುಗಿಯಿತು.

ಇತ್ತ ಕರೆಂಟಣ್ಣನ ಮನೆಯಲ್ಲಿ ಪರದೆ ಇಳಿದಿತ್ತು. ಸಾಲು ದೀಪಗಳು ಹತ್ತಿಕೊಂಡವು. ಗೋಡೆಯ ಮೇಲೆ ಕುರ್ಚಿಯ ನೆರಳು ಮೆಲ್ಲಗೆ ಉಸಿರಾಡುವಂತೆ ಹಿಗ್ಗಿ ಕುಗ್ಗುತ್ತಿತ್ತು. ಬಕೆಟ್ಟಿನ ಬಿಸಿನೀರಿಗೆ ಕಾಲಿಟ್ಟ ಕೂಡಲೇ ಹಿಮ್ಮಡಿಯಿಂದ ನೆತ್ತಿಯವರೆಗೆ ಒಂದು ಹಿತ ಏರಿತು. ಎಷ್ಟೋ ವಾರದ ಮೇಲೆ ಕಿವಿಯೊಳಗಿನ ಫೋನು ದೂರ ದೂರ ಸರಿಯಿತು.

"ಹೇಗಿದೇರೀ?" ಹೆಂಡತಿ ಪಿಸುಗುಟ್ಟಿದಳು.

"ಮೋಡದ ಮೇಲೆ ಕೂತಂಗಿದೆ ಕಣೇ."

ಯಾರೋ ಬಾಗಿಲು ಧಡಧಡ ಬಡಿದರು. ಕಾಲಿನಿಂದ ನೀರು ಸುರಿಸುತ್ತ ಹೋಗಿ ತೆರೆದರೆ ಟೈಲರು. ಕಣ್ಣು ನೇರ ಒಳಗಿನ ದೀಪಗಳ ಮೇಲೆ.

"ಅಣ್ಣಾ, ಮದುವೆ ಬಟ್ಟೆ ಇಸ್ತ್ರಿ ಬಾಕಿ ಇದೆ. ಎಷ್ಟು ಹೊತ್ತಿಗೆ ಹೋಗುತ್ತೆ, ಅಷ್ಟು ಹೇಳ್ಬಿಡಿ."

"ಏನು ಹೋಗುತ್ತೆ?"

"ಕರೆಂಟು!"

"ಇವತ್ತು ಹೋಗಲ್ಲ ಮಾರಾಯ! ನಾನು ಕಾಲು ನೆನೆಸ್ಕೊಂಡು ಕೂತಿದೀನಿ ಅಷ್ಟೇ."

ಟೈಲರು ಅವನ ಒದ್ದೆ ಕಾಲು ನೋಡಿದ, ದೀಪ ನೋಡಿದ. "ಬಿಡಿ ಅಣ್ಣಾ, ಬಂದುಬಿಡುತ್ತೆ ಅಂದಾಗ ಬರಲ್ಲ, ಹೋಗಲ್ಲ ಅಂದಮೇಲೆ ಖಂಡಿತ ಹೋಗುತ್ತೆ. ನಂಗೆ ಅರ್ಥ ಆಯ್ತು," ಎಂದು ಕಣ್ಣು ಹೊಡೆದು ಕೆಳಗೋಡಿದ.

ಅವನ ಹಿಂದೆಯೇ ಎದುರು ಮನೆ ಅತ್ತೆ ಬಂದರು. ಯಾರಿಗೂ ಅತ್ತೆಯಲ್ಲ, ಎಲ್ಲರಿಗೂ ಅತ್ತೆ. "ಗೊತ್ತಿದ್ದೂ ಬಾಯಿ ಮುಚ್ಕೊಂಡಿದೀಯಲ್ಲೋ! ಟ್ಯಾಂಕಲ್ಲಿ ಹನಿ ನೀರಿಲ್ಲ ನಮ್ಮನೇಲಿ!"

"ಅತ್ತೇ, ನಿಮ್ಮ ಕಾಲಿಗೆ ಬೀಳ್ತೀನಿ, ಇದು ಡಾಕ್ಟರು ಬರೆದುಕೊಟ್ಟ ಕ್ಯಾಂಡಲ್ಲು!"

"ಔಷಧಿ ಅಂಗಡೀಲಿ ಮೇಣದಬತ್ತಿ ಮಾರ್ತಾರೇನೋ? ಸುಳ್ಳು ಹೇಳೋಕ್ಕೂ ಒಂದು ಬುದ್ಧಿ ಬೇಕು," ಎಂದು ಅತ್ತೆ ಪಂಪಿನ ಸ್ವಿಚ್ಚಿನತ್ತ ಧಾವಿಸಿದರು.

ಆಮೇಲೆ ಶುರುವಾಯಿತು ನೋಡಿ. ಕೆಳಗೆ ಪಂಪು ಗುರ್ರೆಂದಿತು. ಮೇಲೆ ವಾಷಿಂಗ್ ಮಷೀನು ಕುಣಿಯಿತು. ನಾಳೆ ರುಬ್ಬಬೇಕಾದದ್ದನ್ನು ಇವತ್ತೇ ರುಬ್ಬಿದರು, ಎಲ್ಲರ ಗೀಜರೂ ಒಟ್ಟಿಗೇ ಕಾದವು, ಮೇಷ್ಟ್ರು ಬೀರುವಿನಲ್ಲಿದ್ದ ಬಟ್ಟೆಯನ್ನೆಲ್ಲ ತೆಗೆದು ಇಸ್ತ್ರಿಗೆ ಕೂತರು. ಸುದ್ದಿ ಗೋಡೆ ಹಾರಿ ಪಕ್ಕದ ಬೀದಿಗೆ, ಅಲ್ಲಿಂದ ಅದರಾಚೆಗೆ ಹೋಯಿತು. ಇಡೀ ಊರು ಒಂದೇ ಸಮನೆ ಗಿರಗಿರ ಭರಭರ ಎಂದಿತು. ಕರೆಂಟಣ್ಣ ಕಿವಿಗೆ ಹತ್ತಿ ತುರುಕಿಕೊಂಡು ದೀಪ ನೋಡುತ್ತಲೇ ಕೂತ.

ಎಲ್ಲೋ ದೂರದಲ್ಲಿ ಢಮಾರ್ ಎಂದಿತು. ಆಮೇಲೆ ಹತ್ತಿರದಲ್ಲಿ. ಊರಿಗೆ ಊರೇ ಕತ್ತಲಾಯಿತು.

"ನಾನು ಹೇಳಲಿಲ್ವಾ!" ಮೆಟ್ಟಿಲಲ್ಲಿ ಮೇಷ್ಟ್ರ ಗೆಲುವಿನ ದನಿ.

ಆಮೇಲೆ ನಿಶ್ಶಬ್ದ. ಅಬ್ಬಾ, ಎಂಥ ನಿಶ್ಶಬ್ದ! ಕರೆಂಟಣ್ಣನ ರೆಪ್ಪೆ ಜೇನಿನಲ್ಲಿ ಅದ್ದಿದಂತೆ ಭಾರವಾಯಿತು. ಇನ್ನೇನು ಕಣ್ಣು ಮುಚ್ಚಬೇಕು, ಮೊಬೈಲು ಹೊಡೆದುಕೊಂಡಿತು. ಸಾಹೇಬರು.

"ಎಲ್ಲಿ ಸತ್ತಿದೀಯಾ? ಊರಿನ ಟ್ರಾನ್ಸ್‌ಫಾರ್ಮರ್ ಎಲ್ಲಾ ಕೂತುಬಿಟ್ಟಿವೆ! ರಜ ಗಿಜ ಏನಿಲ್ಲ, ಓಡಿ ಬಾ!"

ಬಕೆಟ್ಟಿನಿಂದ ಕಾಲು ಕೀಳುವಾಗ ಅವನಿಗೆ ನಿಜಕ್ಕೂ ಅಳು ಬಂತು. ಹೆಂಡತಿ ತಲೆ ಸವರಿ, ದಾರಿಗೆಂದು ಒಂದು ಮೇಣದಬತ್ತಿ ಕೈಗಿಟ್ಟಳು.

ಕಚೇರಿಯಲ್ಲಿ ಸಾಲು ಫೋನುಗಳು ಒಂದೇ ಸಮ ಕಿರುಚುತ್ತಿದ್ದವು. ಬೈಗುಳ, ಶಾಪ, ಬೆದರಿಕೆ. ಬಂದುಬಿಡುತ್ತೆ ಅನ್ನಲು ಅವನಿಗೆ ನಾಲಿಗೆ ಏಳಲಿಲ್ಲ. ಸುಸ್ತಾಗಿ, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

"ನೋಡಿ ಸ್ವಾಮಿ, ಒಂದು ಕ್ಯಾಂಡಲ್ ಹಚ್ಚಿ. ಬಿಸಿನೀರಲ್ಲಿ ಕಾಲಿಡಿ. ಆ ಬೆಳಕನ್ನೇ ನೋಡ್ತಾ ಕೂತ್ಕೊಳ್ಳಿ. ಏನೂ ಮಾಡ್ಬೇಡಿ."

ಆ ಕಡೆಯವರು "ಹ್ಞೂಂ, ನೋಡೋಣ," ಎಂದು ಮೆತ್ತಗೆ ಫೋನಿಟ್ಟರು. ಮುಂದಿನವರಿಗೂ ಅದನ್ನೇ ಹೇಳಿದ. ಅದರ ಮುಂದಿನವರಿಗೂ. ಒಂದೊಂದಾಗಿ ಫೋನುಗಳು ತಣ್ಣಗಾದವು.

ಅವನು ಕಿಟಕಿಯ ಬಳಿ ಬಂದು ನಿಂತ. ಕತ್ತಲೆಯ ಊರಿನ ತುಂಬ ಪುಟ್ಟ ಪುಟ್ಟ ಬೆಳಕು. ಬೀದಿಯಲ್ಲಿ ಹಾರನ್ನಿಲ್ಲ, ಜಗಳವಿಲ್ಲ. ಯಾವುದೋ ಮನೆಯಲ್ಲಿ ಯಾರೋ ಸಣ್ಣಗೆ ಹಾಡುತ್ತಿದ್ದರು. ಇಷ್ಟು ವರ್ಷದಲ್ಲಿ ಊರು ಇಷ್ಟು ಚಂದವಾಗಿ ಕಂಡದ್ದೇ ಇಲ್ಲ ಎನಿಸಿ ಅವನ ಎದೆ ತುಂಬಿ ಬಂತು. ತನ್ನ ಬತ್ತಿಯನ್ನೂ ಮೇಜಿನ ಮೇಲೆ ಹಚ್ಚಿಟ್ಟು, ಅದರ ಮುಂದೆ ತಲೆ ಆನಿಸಿದ. ಎಷ್ಟೋ ದಿನ ಕಾಡಿಸಿದ ನಿದ್ದೆ ಕೊನೆಗೂ ಬಂದು ಬೆನ್ನು ತಟ್ಟತೊಡಗಿತು.

ಅಷ್ಟರಲ್ಲಿ ಲೈನ್‌ಮನ್‌ಗಳು ತಮ್ಮ ಕೆಲಸ ಮುಗಿಸಿಬಿಟ್ಟರು. ಭಗ್ಗೆಂದು ಇಡೀ ಊರಿಗೆ ಬೆಳಕು ಬಂತು.

ಕಚೇರಿಯ ಫೋನುಗಳೆಲ್ಲ ಒಟ್ಟಿಗೇ ಚೀರಿದವು. ಕರೆಂಟಣ್ಣ ಬೆಚ್ಚಿ ಎದ್ದು ಒಂದನ್ನು ಎತ್ತಿದ.

"ಯಾರ್ರೀ ಅದು ಕರೆಂಟ್ ಕೊಟ್ಟಿದ್ದು? ಮಕ್ಕಳು ಮರಿ ಎಲ್ಲಾ ಎಷ್ಟು ನೆಮ್ಮದಿಯಾಗಿ ಕೂತಿದ್ವಿ! ಬುದ್ಧಿ ಬೇಡ್ವಾ ನಿಮಗೆ?"

ಇನ್ನೊಂದು ಎತ್ತಿದ. "ಈಗ ತಾನೇ ಕಣ್ಣು ಹತ್ತಿತ್ತು! ಯಾರನ್ನ ಕೇಳಿ ಲೈಟ್ ಹಾಕಿದ್ರಿ?"

ಮೂರನೆಯದರಲ್ಲಿ ಅವನ ಹೆಂಡತಿ.

"ರೀ, ನಿಮ್ಮ ಬಕೆಟ್ಟಲ್ಲೇ ಕಾಲಿಟ್ಕೊಂಡು ಕೂತಿದ್ದೆ. ಸ್ವರ್ಗ ಕಂಡಂಗಿತ್ತು. ಬೇಗ ತೆಗೆಸಿ ಆ ಕರೆಂಟನ್ನ!"

"ನಾನು ಮನೆಗೆ ಹೊರಟೆ ಕಣೇ, ನಿದ್ದೆ ಬರ್ತಿದೆ..."

"ಬರೋದು ಆಮೇಲೆ. ಮೆಟ್ಟಿಲ ತುಂಬ ಜನ ಸೇರಿದಾರೆ, ಅತ್ತೆ ನನ್ನ ಕೈಯಿಂದ ಫೋನ್ ಕಿತ್ಕೊಳ್ತಿದಾರೆ, ತಗೊಳ್ಳಿ ಮಾತಾಡಿ."